ದೇವದುರ್ಗದ ದಾರಿಗೆ ಎರಡು ದೀಪ

ನವೆಂಬರ್ 4, ಮಂಗಳವಾರ

ಇಂದು ನಮ್ಮ ಮನೆಗೆ ಒಂದು ಸರ್ಕಾರಿ ಆದೇಶ ಬಂತು. ಅದರ ಬೆನ್ನಿಗೇ ಒಂದು ಬಿಕ್ಕಟ್ಟೂ ಚಪ್ಪಲಿ ಬಿಟ್ಟು ಒಳಗೆ ಬಂತು.

ನನ್ನ ಹೆಂಡತಿ ಸುನಂದಾಗೆ ಬಡ್ತಿ. ಡಿಸೆಂಬರ್ ಒಂದರಿಂದ ದೇವದುರ್ಗದ ತಾಲೂಕು ಕಚೇರಿಯಲ್ಲಿ ಶಿರಸ್ತೇದಾರ್. ಅವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ನಾನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಅದು ಕರಗುವ ಮೊದಲೇ ಸಮಸ್ಯೆ ಎದುರಾಯಿತು. ಅವಳು ಕಚೇರಿಯ ಕೆಲಸ ಮುಗಿಸಿ ಹೊರಬೀಳುವ ಹೊತ್ತಿಗೆ ನಮ್ಮೂರು ರಾಯಚೂರಿನ ಬಸ್ಸು ಹೋಗಿರುತ್ತದೆ. ಆಮೇಲಿನ ಬಸ್ಸಿನಲ್ಲಿ ಒಂಟಿಕಾಲಿಗೆ ಮಾತ್ರ ಜಾಗ. ಅಲ್ಲಿನ ಗುಮಾಸ್ತೆ ಆತಿಯಾ ಎಂಬಾಕೆ ಆಗಲೇ ಫೋನ್ ಮಾಡಿದ್ದಾಳೆ: "ನಮ್ಮ ಮನಿ ಮ್ಯಾಲ ಒಂದು ರೂಮ್ ಖಾಲಿ ಅದ ಮೇಡಂ. ಸೋಮವಾರ ಬರ್ರಿ, ಶನಿವಾರ ಹೋಗ್ರಿ. ಯಾಕ್ ಸುಮ್ನ ಓಡಾಡ್ತೀರಿ?"

ನನಗೆ ವೈಯಕ್ತಿಕವಾಗಿ ಯಾವ ಅಭ್ಯಂತರವೂ ಇಲ್ಲ. ಮನೆಯಲ್ಲಿ ಅವ್ವ ಇದ್ದಾಳೆ, ನಾನಿದ್ದೇನೆ, ರೇಡಿಯೋ ಇದೆ. ನನ್ನ ಚಿಂತೆ ಕಾರಿನದು ಮಾತ್ರ.

ಯಾಕೆಂದರೆ ಸುನಂದಾ, "ಕಾರ್ ಅದಲ್ಲ? ನಾನ ಓಡಿಸ್ಕೊಂಡು ಹೋಗಿ ಬರ್ತೀನಿ," ಎಂದಳು. ಅವಳಿಗೆ ಲೈಸೆನ್ಸ್ ಬಂದು ಎರಡು ವರ್ಷವಾಯಿತು. ಸ್ಟೇರಿಂಗ್ ಮಾತ್ರ ನಾನು ಕೊಟ್ಟಿಲ್ಲ. ಹಳೆಯ ಕಾರು, ಅಪರಿಚಿತರ ಕೈ ಹತ್ತಿದರೆ ಬೆದರುತ್ತದೆ.

"ಹೋಗೂದೇನೋ ಹಗಲಾಗ ಹೋಗ್ತಿ. ಬರೂ ಹೊತ್ತಿಗೆ ಕತ್ತಲಾಗತದ. ನಮ್ಮ ಲೈಟ್ ನೋಡೀಯಲ್ಲ?" ಎಂದೆ.

ಇದು ಸತ್ಯ. ನಮ್ಮ ಕಾರಿನ ಹೆಡ್‌ಲೈಟಿಗೂ ಊದಿನಕಡ್ಡಿಗೂ ಇರುವ ವ್ಯತ್ಯಾಸವೆಂದರೆ ಊದಿನಕಡ್ಡಿಗೆ ಪರಿಮಳವಿದೆ.

"ಲೈಟ್ ಕೆಟ್ಟಿದ್ರ ಲೈಟ್ ಮಾಡಸ್ರಿ. ನನ್ನ ಯಾಕ ದೇವದುರ್ಗದಾಗ ಇಡ್ತೀರಿ?"

ಕೊನೆಗೆ ಅವ್ವ, ಅಂದರೆ ಈ ಮನೆಯ ಸರ್ವೋಚ್ಚ ನ್ಯಾಯಾಲಯವಾದ ವೀರಭದ್ರಮ್ಮ, ತೀರ್ಪು ಕೊಟ್ಟಳು: "ತಿಂಗಳು ತುಂಬೂದ್ರಾಗ ಲೈಟ್ ಸರಿ ಆತೋ, ಸೊಸಿ ದಿನಾ ಮನಿಗೆ ಬರ್ತಾಳ. ಆಗಲಿಲ್ಲೋ, ಆ ರೂಮು."

ಇದೇ ತಿಂಗಳು ಕಾರಿಗೆ ಹದಿನೈದು ವರ್ಷ ತುಂಬುತ್ತದೆ. ಸಾರಿಗೆ ಇಲಾಖೆಯ ಅಧಿಕಾರಿಗಳು ಅದನ್ನು ನೋಡಿ, ತಟ್ಟಿ, ಒಪ್ಪಿದರೆ ಮಾತ್ರ ಮುಂದಿನ ಐದು ವರ್ಷ ರಸ್ತೆಗೆ ಇಳಿಯಬಹುದು. ಎಲ್ಲವೂ ಒಟ್ಟಿಗೇ ಬರುತ್ತವೆ.

ನವೆಂಬರ್ 6, ಗುರುವಾರ

ಅಂಗಡಿಗೆ ಬೇಗ ಬೀಗ ಹಾಕಿ ಮುಕರ್ರಂ ಬಳಿ ಹೋದೆ. ಅವನು ವಾಹನಗಳ ಕರೆಂಟಿನ ಕೆಲಸದವನು, ನನ್ನ ಶಾಲೆಯ ಗೆಳೆಯ. ತೀನ್ ಕಂದೀಲ್ ವೃತ್ತದ ಬಳಿಯ ನನ್ನ ಕನ್ನಡಕದ ಅಂಗಡಿಯಿಂದ ಅವನ ಕಣ್ಣು ನಡೆಯುತ್ತದೆ, ಅವನ ಅಂಗಡಿಯಿಂದ ನನ್ನ ಕಾರು.

"ಕ್ಯಾ ಚನ್ನವೀರ, ಏನ್ ಬೇಕು?"

"ಎದುರಿಗೆ ಬರೋ ಸೂಳೀಮಕ್ಕಳೆಲ್ಲ ಇಷ್ಟ್ ವರ್ಷ ನನ್ನ ಕಣ್ಣಿಗೆ ಹೊಡದಾರ. ಇನ್ನ ಮ್ಯಾಲ ನಾ ಹೊಡೀಬೇಕು. ಅಂಥಾ ಲೈಟ್ ಹಾಕು."

ಅವನ ಮುಖ ಅರಳಿತು. "ಅಂಥಾದ ಒಂದು ನಿನ್ನೆರ ಬಂದದ ನೋಡು ಭಾಯ್! ಎಲ್‌ಇಡಿ. ನಾನೂ ಇನ್ನಾ ಯಾರಿಗೂ ಹಾಕಿಲ್ಲ."

ಪೆಟ್ಟಿಗೆಯ ಮೇಲೆ ಬಾಯಿ ತೆರೆದ ಹುಲಿಯ ಚಿತ್ರವಿತ್ತು. ಬಲ್ಬಿನ ಪೆಟ್ಟಿಗೆಯ ಮೇಲೆ ಹುಲಿಗೇನು ಕೆಲಸ ಎಂದು ನಾವಿಬ್ಬರೂ ಕೇಳಲಿಲ್ಲ. ಹಳೆಯ ದೀಪದ ಮನೆಯೊಳಗೇ ಹುಲಿಯನ್ನು ಕೂರಿಸಿ ಹೊತ್ತಿಸಿದೆವು. ಎದುರಿನ ಕ್ಷೌರದಂಗಡಿಯವನು ಮುಖಕ್ಕೆ ಟವೆಲ್ ಹಿಡಿದು ಶಟರ್ ಎಳೆದ. ನಾವು ಕೈಕುಲುಕಿದೆವು.

ಮನೆಗೆ ಬಂದಾಗ ಸುನಂದಾ ಬಾಗಿಲಲ್ಲಿ ನಿಂತು ಕಣ್ಣು ಮುಚ್ಚಿಕೊಂಡೇ ಕೇಳಿದಳು: "ರೀ, ಇದು ಕಾರೋ, ಮದುವಿ ಪೆಂಡಾಲೋ?"

ನವೆಂಬರ್ 7, ಶುಕ್ರವಾರ

ಸಂಜೆ ದೀಪ ಹೊತ್ತಿಸಿ ಅಂಗಳದಲ್ಲಿ ಸುಮ್ಮನೆ ನಿಂತೆ. ಬೇವಿನ ಮರದ ಕಾಗೆಗಳು ಬೆಳಗಾಯಿತೆಂದು ಎದ್ದವು. ತೃಪ್ತಿಯಾಯಿತು.

ನವೆಂಬರ್ 9, ಭಾನುವಾರ

ಪೋತ್ನಾಳದ ರೈಸ್‌ಮಿಲ್ ಮಾಲೀಕರಿಗೆ ಕನ್ನಡಕ ಮುಟ್ಟಿಸಿ ಹೊರಟಾಗ ಮುಸ್ಸಂಜೆ. ಎದುರು ಬಂದವರೆಲ್ಲ ಕಣ್ಣಿಗೆ ಕೈ ಅಡ್ಡ ಹಿಡಿದು ನನಗೆ ನಮಸ್ಕಾರ ಮಾಡುತ್ತಿರುವಂತೆ ಕಾಣುತ್ತಿತ್ತು. ನಾನೂ ಸಾವಕಾಶ ತಲೆಯಾಡಿಸುತ್ತ ಹೋದೆ. ವಿದ್ಯುತ್ ಕಂಬಗಳ ತುದಿ ನಿಚ್ಚಳ. ಬೋರ್ಡುಗಳ ಮೇಲಿನ ಅಕ್ಷರ ನಿಚ್ಚಳ. ರಸ್ತೆಯೊಂದು ಮಾತ್ರ ಕಾಣುತ್ತಿರಲಿಲ್ಲ. ಆದರೆ ಅದು ಕೆಳಗೆಲ್ಲೋ ಇದ್ದೇ ಇರುತ್ತದೆಂಬ ಭರವಸೆಯಿತ್ತು.

ಊರು ದಾಟುತ್ತಿದ್ದಂತೆ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಎದುರು ಬಂದು, ನನ್ನ ಬೆಳಕು ಬಿದ್ದದ್ದೇ ನಡುರಸ್ತೆಯಲ್ಲಿ ಗಕ್ಕನೆ ನಿಂತಿತು. ನಾನು ಪಕ್ಕಕ್ಕೆ ಎಳೆದೆ. ಚಕ್ರದ ಕೆಳಗೆ ಸರ್ರೆಂದು ಸದ್ದು. ಅರ್ಧ ರಸ್ತೆಗೆ ಭತ್ತ ಒಣಹಾಕಿ ಸುತ್ತ ಕಲ್ಲಿಟ್ಟಿದ್ದರು. ನಾನು ಭತ್ತದ ನಡುವೆ ಇದ್ದೆ.

ಕತ್ತಲಿನಿಂದ ಒಂದು ಪೊರಕೆ ಎದ್ದು ಬಂತು. ಅದರ ಹಿಂದೆ ಒಬ್ಬ ಮುದುಕಿ. ಹೆಸರು ಬೂದೆಮ್ಮ ಎಂದು ಆಮೇಲೆ ತಿಳಿಯಿತು. ಮೊದಲು ನನ್ನ ಹೆಸರುಗಳನ್ನು ಕೇಳಬೇಕಾಯಿತು, ಅವಳಿಟ್ಟವು.

"ಏನ್ ನಿನ್ನ ಕಣ್ಣು ನೆತ್ತಿಗೆ ಹೋಗ್ಯಾವೇನೋ? ಲೈಟ್ ಮುಗಲಿಗೆ ಬಿಟ್ಕೊಂಡು ಹೊಂಟೀಯಲ್ಲ, ಮ್ಯಾಲ ಏನ್ ಕಳಕೊಂಡೀದಿ? ಭತ್ತ ನೆಲದಾಗ ಅದಪ್ಪಾ, ನೆಲದಾಗ!"

"ತಪ್ಪಾತವ್ವಾ. ಕಾಣಲಿಲ್ಲ."

"ಇಷ್ಟು ಬೆಳಕು ಹಚ್ಕೊಂಡು ಕಾಣಲಿಲ್ಲಂತ! ನಮ್ಮ ಕಂದೀಲಿನ್ಯಾಗ ಭತ್ತದಾಗಿನ ಹರಳ ಆರಿಸ್ತೀನಿ ನಾ." ಪೊರಕೆಯನ್ನು ನನ್ನ ಕೈಗೆ ಕೊಟ್ಟಳು. "ಹ್ಞೂಂ, ಬಳಿ."

ಟ್ರ್ಯಾಕ್ಟರಿನವನೂ ಇಳಿದು ಬಂದ. "ನಿಮ್ ಲೈಟಿನ್ಯಾಗ ನನಗ ನನ್ನ ಕೈನ ಕಾಣಲಿಲ್ರಿ ಸಾವ್ಕಾರ," ಎಂದು, ಬೈಯದೆ, ನನ್ನ ಜೊತೆ ಭತ್ತ ಬಳಿದ. ಅವನ ಟ್ರ್ಯಾಕ್ಟರಿನ ಒಂದೇ ಒಂದು ಹಳದಿ ದೀಪದ ಬೆಳಕಿನಲ್ಲಿ ಒಂದೊಂದು ಕಾಳೂ ಕಾಣುತ್ತಿತ್ತು.

ಬೂದೆಮ್ಮ ಭತ್ತದ ಆ ತುದಿಯಲ್ಲಿ, ಗೋಣಿಚೀಲದ ಮೇಲೆ ಕೂತಿದ್ದಳಂತೆ. ಚಕ್ರ ಇನ್ನೊಂದಿಷ್ಟು ಮುಂದೆ ಹೋಗಿದ್ದರೆ. ಇದನ್ನು ಬರೆಯುವಾಗ ಕೈ ತಮಾಷೆಗೆ ಒಪ್ಪುತ್ತಿಲ್ಲ.

ಮನೆಯಲ್ಲಿ ಏನೂ ಹೇಳಲಿಲ್ಲ. ಆದರೆ ನನ್ನ ಪ್ಯಾಂಟಿನ ಮಡಿಕೆಯಿಂದ ಒಂದು ಹಿಡಿ ಭತ್ತ ಉದುರಿತು. ಸುನಂದಾ ಅದನ್ನೂ ನನ್ನನ್ನೂ ನೋಡಿದಳು. "ರೈಸ್‌ಮಿಲ್ಲಿಗೆ ಹೋಗಿದ್ನಲ್ಲ," ಎಂದೆ. "ಮಿಲ್ಲಿನ್ಯಾಗ ಉರುಳ್ಯಾಡಿ ಬಂದ್ರೇನು?" ಎಂದಳು.

ನವೆಂಬರ್ 11, ಮಂಗಳವಾರ

ಕಾರನ್ನು ತಪಾಸಣೆಗೆ ಒಯ್ದೆ. ಮೊದಲೇ ಕಿತ್ತಿಸೋಣವೆಂದರೆ ಮುಕರ್ರಂಗೆ ನಿನ್ನೆ ಬಿಡುವಿರಲಿಲ್ಲ, ಹುಲಿ ಒಳಗೇ ಇತ್ತು. ಅಧಿಕಾರಿ ಬ್ರೇಕ್ ನೋಡಿದರು, ಹಾರ್ನ್ ಕೇಳಿದರು, ದೀಪ ಹೊತ್ತಿಸಿದರು, ತಕ್ಷಣ ಆರಿಸಿದರು.

"ಏನ್ರಿ ಇದು?"

"ಸುಧಾರಣೆ ಸರ್."

"ಈ ದೀಪದ ಮನಿ ಕಟ್ಟಿದ್ದು ಹ್ಯಾಲೊಜೆನ್ ಬಲ್ಬಿಗೆ. ಅದರಾಗ ಎಲ್‌ಇಡಿ ತುರುಕಿದ್ರ ಬೆಳಕು ಚೆಲ್ಲಾಪಿಲ್ಲಿ ಆಗತದ. ಕಾಯ್ದೆದಾಗೂ ಒಪ್ಪಿಗಿ ಇಲ್ಲ. ಕಂಪನಿ ಯಾವ ತರದ್ದು, ಎಷ್ಟು ವ್ಯಾಟಿಂದು ಕೊಟ್ಟದ, ಅದನ್ನ ಹಾಕ್ಕೊಂಡು ಬರ್ರಿ. ನೀವೇನ್ ಮಾಡ್ತೀರಿ?"

"ಕನ್ನಡಕದ ಅಂಗಡಿ ಸರ್."

"ಮತ್ತ ನಿಮಗ ನಾ ಹೇಳಬೇಕಾ?"

ಇಪ್ಪತ್ತನಾಲ್ಕಕ್ಕೆ ಮತ್ತೆ ಬರಲು ಹೇಳಿದರು.

ನವೆಂಬರ್ 12, ಬುಧವಾರ

ಸುನಂದಾ ಆತಿಯಾಗೆ ಫೋನ್ ಮಾಡಿ, ರೂಮನ್ನು ಬೇರೆಯವರಿಗೆ ಕೊಡಬೇಡಿ ಎಂದಳು. ಅಟ್ಟದಿಂದ ಒಂದು ಟ್ರಂಕು ಇಳಿಯಿತು.

ಬೇರೆ ಏನೂ ಇಲ್ಲ.

ನವೆಂಬರ್ 14, ಶುಕ್ರವಾರ

ಮುಕರ್ರಂ ಹುಲಿಯನ್ನು ಕಿತ್ತು, ಕಂಪನಿಯ ತರದ್ದೇ ಹೊಸ ಹ್ಯಾಲೊಜೆನ್ ಬಲ್ಬ್ ಹಾಕಿದ. ಬಲ್ಬೇನೋ ಹೊಸದು. ಬೆಳಕು ಮತ್ತೆ ಊದಿನಕಡ್ಡಿ.

"ನಿಮ್ಮ ಕಣ್ಣ ಮಂದ ಆಗಿರಬೇಕು," ಎಂದಳು ಸುನಂದಾ. ಕನ್ನಡಕದವನಿಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಅಂಗಡಿಗೆ ಹೋಗಿ ನನ್ನ ಅಕ್ಷರದ ಫಲಕದ ಮುಂದೆ ನಾನೇ ಕೂತೆ. ಕೊನೆಯ ಸಾಲಿನವರೆಗೂ ಸಲೀಸಾಗಿ ಓದಿದೆ. ಆಮೇಲೆ, ಇಪ್ಪತ್ತೆರಡು ವರ್ಷದಿಂದ ಅದೇ ಫಲಕ ತೋರಿಸಿ ತೋರಿಸಿ ಅದು ನನಗೆ ಬಾಯಿಪಾಠವಾಗಿದೆ ಎಂದು ಹೊಳೆಯಿತು. ಡಾಕ್ಟರ ಬಳಿ ಹೋದೆ. ಕಣ್ಣಿಗೆ ಏನೂ ಆಗಿಲ್ಲವಂತೆ. ಅರ್ಧ ಸಂತೋಷ, ಅರ್ಧ ನಿರಾಸೆ. ಕಣ್ಣಿನದಾಗಿದ್ದರೆ ಅಸಲು ದರದಲ್ಲಿ ಮುಗಿಸಬಹುದಿತ್ತು.

ಟ್ರಂಕಿನಲ್ಲಿ ಸೀರೆಗಳು ಕೂತಿವೆ. "ಯಾವ ದಿಂಬು ಒಯ್ಯಲಿ?" ಎಂದು ಕೇಳಿದಳು. "ಎರಡೂ ಒಯ್ಯಿ," ಎಂದೆ. ಉದಾರವಾಗಿ ಹೇಳಿದ್ದು, ಅವಳಿಗೆ ಹಾಗೆ ಕೇಳಿಸಲಿಲ್ಲ.

ನವೆಂಬರ್ 17, ಸೋಮವಾರ

ಪತ್ತೆಯಾಯಿತು. ಆಗದಿದ್ದರೇ ಚೆನ್ನಾಗಿತ್ತೇನೋ.

ಪ್ರತಿ ಸೋಮವಾರ ನಸುಕಿನಲ್ಲಿ ನಾನು ಗುಡಿಗೆ ನಡೆದು ಹೋಗುವುದು ರೂಢಿ. ಮರಳಿ ಬರುವ ಹೊತ್ತಿಗೆ ಕಾರಿನ ಎರಡೂ ದೀಪಗಳ ಮೇಲೆ ಅವ್ವ ಎಳೆದ ಮೂರು ಬೆರಳಿನ ವಿಭೂತಿ ಇರುತ್ತದೆ. ಅದನ್ನು ಒರೆಸಿ ಅಂಗಡಿಗೆ ಹೋಗುತ್ತೇನೆ. ಇಂದು ನೆಗಡಿಯೆಂದು ಮನೆಯಲ್ಲೇ ಉಳಿದೆ. ಕಿಟಕಿಯಿಂದ ನೋಡುತ್ತೇನೆ: ಅವ್ವ ಕಾರಿನ ಮುಂದೆ ಮಣೆ ಹಾಕಿ ಕೂತಿದ್ದಾಳೆ. ಒಂದು ಬಟ್ಟಲಲ್ಲಿ ಹುಣಸೆಹಣ್ಣು, ಒಂದರಲ್ಲಿ ಒಲೆಯ ಬೂದಿ, ಕೈಯಲ್ಲಿ ತೆಂಗಿನ ನಾರು. ಹಿತ್ತಾಳೆಯ ದೀಪ ಬೆಳಗುವಂತೆ ಹೆಡ್‌ಲೈಟನ್ನು ಗಸಗಸ ತಿಕ್ಕುತ್ತಿದ್ದಾಳೆ.

"ಯವ್ವಾ! ಏನ್ ಮಾಡಾಕತ್ತಿ?"

"ಕಾಣಂಗಿಲ್ಲೇನು? ದೇವರ ಮನಿ ದೀಪ ಬೆಳಗೂದಾತು. ಇನ್ನ ಇವೆರಡು ಉಳದಾವ."

"ಎಷ್ಟ್ ದಿನದಿಂದ?"

"ಕಾರ್ ಬಂದ ಸೋಮವಾರದಿಂದ. ತಿಕ್ಕದಿದ್ದ ದೀಪಕ್ಕ ಯಾರರ ವಿಭೂತಿ ಹಚ್ಚತಾರೇನು?"

ಹಳ್ಳಿಯಿಂದ ಬಂದ ಪ್ರತಿಯೊಬ್ಬ ಗಿರಾಕಿಗೂ ನಾನು ಕೈಮುಗಿದು ಹೇಳುವ ಮಾತು ಒಂದೇ: "ಯಜಮಾನ್ರ, ಇದು ಪ್ಲಾಸ್ಟಿಕ್ ಗ್ಲಾಸು. ಧೋತ್ರದ ಚುಂಗಿಲೆ ಒರಸಬ್ಯಾಡ್ರಿ, ಗೀರು ಬೀಳತಾವ, ಮಂಜು ಕವಿದಂಗ ಆಗತದ." ಊರಿಗೆಲ್ಲ ಇದನ್ನು ಸಾರಿದ ನನ್ನ ಅಂಗಳದಲ್ಲೇ ಹದಿನೈದು ವರ್ಷದಿಂದ ಬೂದಿ, ಹುಣಸೆಹಣ್ಣು, ನಾರಿನ ಅಭಿಷೇಕ. ಗೀರುಗಳ ಮೇಲೆ ಗೀರು. ಬಲ್ಬಿನಿಂದ ಹೊರಟ ಬೆಳಕು ಬಾಗಿಲಲ್ಲೇ ತಡವರಿಸಿ, ಅಲ್ಲೇ ಕೂತುಬಿಡುತ್ತದೆ. ಹುಲಿಯೂ ಈ ಮಂಜಿನಲ್ಲೇ ದಾರಿ ತಪ್ಪಿ ಮುಗಿಲಿಗೆ ಹಾರಿತ್ತು.

ಅವ್ವ ಮುಖ ಎತ್ತಿ, "ಹೆಂಗ ಹೊಳೀತದ ನೋಡು!" ಎಂದಳು.

"ಭಾಳ ಹೊಳೀತದ," ಎಂದು ಒಳಗೆ ಹೋಗಿ ಕಷಾಯ ಕುಡಿದೆ.

ನವೆಂಬರ್ 18, ಮಂಗಳವಾರ

ಸುನಂದಾಗೆ ನಿನ್ನೆ ರಾತ್ರಿಯೇ ಹೇಳಿದೆ. ಅವ್ವನಿಗೆ ಹೇಳುವುದು ಹೇಗೆ? ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅಂಗಡಿಯ ಕನ್ನಡಿಯೆದುರು ಒಂದು ಭಾಷಣ ತಯಾರಿಸಿದೆ. ಮೊದಲು ಭಕ್ತಿಯ ಮಹಿಮೆ, ನಂತರ ಕಾಲದ ಬದಲಾವಣೆ, ಕೊನೆಗೆ ಪ್ಲಾಸ್ಟಿಕ್.

ಊಟಕ್ಕೆ ಕೂತಾಗ ಶುರು ಮಾಡಿದೆ. "ಯವ್ವಾ, ಭಕ್ತಿ ಅನ್ನೂದು ಒಂದು..."

"ಅತ್ತಿ," ಎಂದಳು ಸುನಂದಾ, ನನ್ನ ತಟ್ಟೆಗೆ ಪಲ್ಯ ಬಡಿಸುತ್ತ, "ನೀವು ಬೂದಿ ಹಾಕಿ ತಿಕ್ಕಿ ತಿಕ್ಕಿ ಲೈಟಿನ ಗ್ಲಾಸು ಮಸುಕಾಗ್ಯಾವಂತ. ಹಿತ್ತಾಳಿ ಅಲ್ಲ ಅವು, ಪ್ಲಾಸ್ಟಿಕ್. ಇವರಿಗೆ ಹೇಳಾಕ ಬಾಯಿ ಬರವಲ್ದು."

ಅವ್ವನ ಕೈಯಲ್ಲಿದ್ದ ರೊಟ್ಟಿಯ ತುಣುಕು ಅಲ್ಲೇ ನಿಂತಿತು.

"ಪ್ಲಾಸ್ಟಿಕ್?" ಎಂದಳು. "ದೀಪಕ್ಕ ಪ್ಲಾಸ್ಟಿಕ್ ಹಾಕತಾರಂದ್ರ ಅವರೆಂಥಾ ಮಂದಿ?" ಆಮೇಲೆ ನನ್ನ ಕಡೆ ತಿರುಗಿದಳು. "ಲೇ, ಊರ ಮಂದಿಗೆಲ್ಲ ಕನ್ನಡಕ ಮಾರ್ತಿ. ನಿಮ್ಮಪ್ಪನ ಆಣಿ, ಒಂದ್ ದಿನಾನರ ಬಗ್ಗಿ ಆ ಕಾರಿನ ಮಾರಿ ನೋಡಿದ್ದೇನು?"

ನೋಡಿರಲಿಲ್ಲ. ಒರೆಸಿದ್ದೆ, ನೋಡಿರಲಿಲ್ಲ.

ಅವ್ವ ಸಣ್ಣ ದನಿಯಲ್ಲಿ, "ಅಂದ್ರ ಸೊಸಿ ಮನಿ ಬಿಟ್ಟು ಹೊಂಟದ್ದು ನನ್ನ ಕೈಲೇ ಆತು," ಎಂದಳು. ರೊಟ್ಟಿ ಅರ್ಧಕ್ಕೇ ಬಿಟ್ಟಳು.

"ಏ, ಎಲ್ಲಿ ಹೊಂಟೀನ್ರಿ ಅತ್ತಿ?" ಎಂದಳು ಸುನಂದಾ. "ಇನ್ನ ತಿಂಗಳು ತುಂಬಿಲ್ಲ. ರೊಟ್ಟಿ ತಿನ್ರಿ."

"ಹೊಸಾವು ತಂದು ಹಾಕ್ರಿ. ನಾ ಮುಟ್ಟಂಗಿಲ್ಲ, ಶಿವನಾಣಿ." ಎಂದವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ಹದಿನೈದು ವರ್ಷ! ಹಿತ್ತಾಳಿ ಆಗಿದ್ರ ಇಷ್ಟೊತ್ತಿಗೆ ಬಂಗಾರ ಆಗತಿತ್ತು ನೋಡ."

ನನ್ನ ಭಾಷಣದ ಎರಡನೆಯ, ಮೂರನೆಯ ಭಾಗಗಳು ಬಳಕೆಯಾಗದೆ ಉಳಿದಿವೆ.

ನವೆಂಬರ್ 21, ಶುಕ್ರವಾರ

ದೀಪದ ಮನೆಯನ್ನೇ ಬದಲಿಸಿದೆವು: ಒಳಗಿನ ಕನ್ನಡಿ, ಮುಂದಿನ ಗ್ಲಾಸು, ಎಲ್ಲ ಹೊಸದು, ಅದೇ ಕಾರಿಗೆಂದು ಮಾಡಿದ, ಮಾನ್ಯತೆಯ ಗುರುತಿರುವ ಜೋಡಿ. ಮುಕರ್ರಂಗೆ ಕೈ ತುರಿಸಿತು. "ಭಾಯ್, ನೂರು ವ್ಯಾಟಿಂದು ಹಾಕ್ಲೇನು? ಯಾರಿಗೂ ಗೊತ್ತಾಗಂಗಿಲ್ಲ."

"ಬ್ಯಾಡೋ ಮಾರಾಯಾ. ನಮ್ಮ ವೈರೂ ಸುಡತದ, ಎದುರಿಗೆ ಬರಾಂವನ ಕಣ್ಣೂ ಸುಡತದ. ಅವರೂ ಮನಿಗೆ ಹೋಗಬೇಕಲ್ಲ."

ಮುಕರ್ರಂ ನನ್ನನ್ನು ಮೇಲಿಂದ ಕೆಳಗೆ ನೋಡಿದ. ನೆಗಡಿ ಇನ್ನೂ ಪೂರ್ತಿ ಹೋಗಿಲ್ಲವೆಂದು ಅವನಿಗೆ ಕಂಡಿರಬೇಕು.

ವ್ಯಾಟ್ ಏರಿಸದೆಯೂ ಬೆಳಕು ಏರಿಸುವ ದಾರಿ ಇತ್ತು. ಹಳೆಯ ಕಾರಿನಲ್ಲಿ ಕರೆಂಟು ಬ್ಯಾಟರಿಯಿಂದ ಹೊರಟು, ಸಣ್ಣ ವೈರಿನಲ್ಲಿ ಒಳಗಿನ ಸ್ವಿಚ್ಚಿಗೆ ಹೋಗಿ, ಅಲ್ಲಿಂದ ಮತ್ತೆ ದೀಪಕ್ಕೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ನಡುವೆ ರಿಲೇ ಎಂಬ ಪುಟ್ಟ ಡಬ್ಬಿ ಕೂರಿಸಿ, ದಪ್ಪ ವೈರು ಎಳೆದು, ಒಂದು ಫ್ಯೂಸ್ ಹಾಕಿದ. ಈಗ ಕರೆಂಟು ಬ್ಯಾಟರಿಯಿಂದ ನೇರ ದೀಪಕ್ಕೆ. ಸ್ವಿಚ್ಚಿಗೆ ಹುಕುಂ ಕೊಡುವ ಕೆಲಸ ಮಾತ್ರ, ನಮ್ಮ ಅವ್ವನ ಹಾಗೆ.

ಸಂಜೆ ಬೆಳಕಿನ ಎತ್ತರ ಹೊಂದಿಸಲು ಹಳೆಯ ಗೋದಾಮಿನ ಗೋಡೆಯೆದುರು ಸಮನೆಲದಲ್ಲಿ ಕಾರು ನಿಲ್ಲಿಸಿದೆವು. ಗಾಲಿಗಳಿಗೆ ಸರಿಯಾಗಿ ಗಾಳಿ. ದೀಪದ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ. ತಗ್ಗಿಸಿದ ಬೆಳಕಿನ ಮೇಲಂಚು ಗೆರೆಗಿಂತ ಅಂಗೈ ಅಗಲ ಕೆಳಗೆ ಬೀಳಬೇಕು. ಡ್ರೈವರ್ ಸೀಟಿನಲ್ಲಿ ಆಳು ಕೂತಿರಬೇಕು, ಭಾರಕ್ಕೆ ಕಾರು ಬಾಗುತ್ತದಲ್ಲ. ನಾನು ಕೂತೆ.

ಮುಕರ್ರಂ ಸ್ಕ್ರೂ ತಿರುಗಿಸುತ್ತಿದ್ದವನು ತಲೆ ಎತ್ತಿದ. "ದಿನಾ ಓಡಸೋರು ಯಾರು?"

ನಾನು ಇಳಿದೆ. ಸುನಂದಾ ಕೂತಳು. ನನಗೂ ಅವಳಿಗೂ ಒಂದು ಅಕ್ಕಿ ಚೀಲದಷ್ಟು ವ್ಯತ್ಯಾಸವಿರುವುದರಿಂದ ಗೆರೆ ಮತ್ತೆ ಹೊಂದಿಸಬೇಕಾಯಿತು. ಇದು ತಾಂತ್ರಿಕ ವಿಷಯ, ಅಷ್ಟೆ.

ನವೆಂಬರ್ 24, ಸೋಮವಾರ

ಪಾಸು! ಅಧಿಕಾರಿ ದೀಪ ಹೊತ್ತಿಸಿದರು, ತಗ್ಗಿಸಿದರು, ಏರಿಸಿದರು. "ಈಗ ಲೈಟ್ ಲೈಟಿನಂಗ ಅದ," ಎಂದರು. ಬೊನೆಟ್ಟಿನ ಮೇಲೆ ದೊಡ್ಡ ವಿಭೂತಿ ಪಟ್ಟೆ ನೋಡಿ ನನ್ನ ಮುಖ ನೋಡಿದರು.

"ಅವ್ವ ಸರ್. ಗ್ಲಾಸ್ ಬಿಟ್ಟು ಉಳದದ್ದೆಲ್ಲಾ ಆಕಿದು."

"ಇರಲಿ. ನಂಬರ್ ಪ್ಲೇಟಿಗೆ ಹಚ್ಚದಂಗ ನೋಡ್ಕೋರಿ."

ನವೆಂಬರ್ 28, ಶುಕ್ರವಾರ

ಮಟಮಾರಿ ಕಡೆಗೆ ಸುನಂದಾಳ ಅಭ್ಯಾಸ. ನಾನು ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕನ್ನು ತುಳಿತುಳಿದು ಕಾಲು ನೋಯಿಸಿಕೊಂಡೆ.

"ಗೇರ್, ಗೇರ್! ಎತ್ತು ನೋಡು! ಸೈಕಲ್!"

"ರೀ, ನೀವು ನೋಡ್ರಿ, ಇಲ್ಲಾ ನಾ ನೋಡ್ತೀನಿ. ಇಬ್ಬರೂ ಕೂಡಿ ನೋಡಿದ್ರ ಎತ್ತು ಅಂಜತದ."

ಅವಳು ಚೆನ್ನಾಗಿ ಓಡಿಸುತ್ತಾಳೆ. ಕಾರು ಬೆದರಲಿಲ್ಲ. ಕೃತಘ್ನ ಕಾರು.

ಡಿಸೆಂಬರ್ 1, ಸೋಮವಾರ

ಮೊದಲ ದಿನವೆಂದು, ದೀಪಗಳ ಪರಿವೀಕ್ಷಣೆಯ ಸಲುವಾಗಿ, ನಾನೂ ಹೋದೆ. ಹಗಲೆಲ್ಲ ದೇವದುರ್ಗದಲ್ಲಿ ಚಹದಂಗಡಿಯಿಂದ ಚಹದಂಗಡಿಗೆ ಅಲೆದೆ. ಬರುವಾಗ ಕತ್ತಲು. ರಸ್ತೆ ಇದ್ದ ಜಾಗದಲ್ಲೇ ಕಂಡಿತು: ಅಂಚಿನ ಬಿಳಿ ಗೆರೆ, ಗುಂಡಿ, ನಡೆದು ಹೊರಟ ಹತ್ತಿ ಬಿಡಿಸುವ ಹೆಂಗಸರ ಹಿಮ್ಮಡಿ, ಎಲ್ಲ. ಎದುರಿನಿಂದ ಲಾರಿಯೊಂದು ಪೂರ್ತಿ ಬೆಳಕು ಎರಚುತ್ತ ಬಂತು. ನಾನು ಬಾಯಿ ತೆರೆಯುವ ಮೊದಲೇ ಸುನಂದಾ ನಮ್ಮ ದೀಪ ತಗ್ಗಿಸಿದಳು. ಒಂದು ಗಳಿಗೆ ಬಿಟ್ಟು ಲಾರಿಯವನೂ ತಗ್ಗಿಸಿದ.

"ಪಾಪ, ಅವನೂ ದಣದಿರತಾನ," ಎಂದೆ.

ಸುನಂದಾ ತಿರುಗಿ ನನ್ನನ್ನು ನೋಡಿದಳು. "ಮುಂದ ನೋಡಿ ಓಡಸು," ಎಂದೆ.

ಮನೆಗೆ ಬಂದು ಆತಿಯಾಗೆ ಫೋನ್ ಮಾಡಿದಳು: "ರೂಮ್ ಯಾರಿಗಾದ್ರೂ ಕೊಡ್ರಿ." ನಾನು ಟ್ರಂಕನ್ನು ಅಟ್ಟಕ್ಕೆ ಏರಿಸಿದೆ. ಯಾರೂ ಹೇಳಿರಲಿಲ್ಲ, ದಾರಿಗೆ ಅಡ್ಡವಾಗಿತ್ತು.

ಡಿಸೆಂಬರ್ 2, ಮಂಗಳವಾರ

ಇಂದು ಅವಳೊಬ್ಬಳೇ ಹೋದಳು. ಗಿರಾಕಿಯೊಬ್ಬರಿಗೆ ಓದುವ ಕನ್ನಡಕದ ಬದಲು ದೂರದ ಕನ್ನಡಕ ಕೊಟ್ಟು ಕಳಿಸಿದೆ. ಅವರು ಮರಳಿ ಬಂದು, "ಪೇಪರ್ ಕಾಣವಲ್ದು, ಗುಡ್ಡದ ಮ್ಯಾಲಿನ ಕಿಲ್ಲೆ ಮಾತ್ರ ಛಲೋ ಕಾಣತದ," ಎಂದರು.

ಸಂಜೆ ಅಂಗಡಿ ಬೇಗ ಮುಚ್ಚಿ ಮನೆಗೆ ಬಂದು, ಓಣಿಯ ತಿರುವಿನಲ್ಲಿ ನಿಂತೆ. ಉದ್ದೇಶ ಸ್ಪಷ್ಟವಿತ್ತು: ಎದುರಿನಿಂದ ನೋಡುವವನ ಕಣ್ಣಿಗೆ ನಮ್ಮ ದೀಪ ಹೇಗೆ ಬೀಳುತ್ತದೆಂದು ಪರೀಕ್ಷಿಸಬೇಕಿತ್ತು. ಎಡದ್ದು ಬಲದ್ದು ಸಮವಿದೆಯೇ, ಎತ್ತರ ಸರಿಯಿದೆಯೇ, ಹೊಳಪು ಹೆಚ್ಚಾಯಿತೇ. ಇವನ್ನು ಒಳಗೆ ಕೂತು ತಿಳಿಯಲಾಗುವುದಿಲ್ಲ.

"ಎಷ್ಟೊತ್ತು ಆ ಸೊಳ್ಳಿಯಾಗ ನಿಂದರತೀಯೋ? ಒಳಗ ಬಾ," ಎಂದು ಅವ್ವ ಎರಡು ಸಲ ಕೂಗಿದಳು. "ಲೈಟ್ ನೋಡಾಕ ನಿಂತೀನಿ," ಎಂದೆ.

ಬಂತು. ಸುನಂದಾ ಗಾಜು ಇಳಿಸಿ, "ಯಾಕ, ಇಲ್ಲಿ ನಿಂತೀರಿ?" ಎಂದಳು. ಕೂದಲೆಲ್ಲ ಧೂಳು, ಮುಖದ ತುಂಬ ನಗು. ದಾರಿಯಲ್ಲಿ ಒಂದು ಎಮ್ಮೆ ಅಡ್ಡ ಬಂದದ್ದು, ಅವಳು ನಿಂತದ್ದು, ಎಮ್ಮೆಯೂ ನಿಂತದ್ದು, ಯಾರು ಮೊದಲು ಹೋಗಬೇಕೆಂದು ಇಬ್ಬರೂ ಬಹಳ ಹೊತ್ತು ವಿಚಾರ ಮಾಡಿದ್ದು, ಎಲ್ಲ ಒಂದೇ ಉಸಿರಿಗೆ ಹೇಳಿದಳು. ನಾನು ಅವಳ ಊಟದ ಡಬ್ಬಿ ಹಿಡಿದು ಕಾರಿನ ಪಕ್ಕ ಪಕ್ಕವೇ ನ‌ಡೆಯುತ್ತ ಮನೆಯವರೆಗೂ ಬಂದೆ.

ಹೊಸಿಲಲ್ಲಿ ಅವ್ವ ಕೇಳಿದಳು. "ನೋಡಿದೇನು? ಹೆಂಗವ ಲೈಟು?"

ನೋಡಲು ಮರೆತಿದ್ದೆ.

ನಾಳೆ ನೋಡಬೇಕು. ನಾಳೆಯೂ ಬರುತ್ತಾಳಲ್ಲ.